ಟೀ ಅಗ್ಗವಾಗಿದ್ದರೂ ನೀರಿಗೆ ಯಾಕೆ ಸುರಿದರು?

ಚಿ. ಮೇಘನಾಗೆ ದೊಡ್ಡಪ್ಪನ ಆಶೀರ್ವಾದಗಳು.

ಜುಲೈ 4ಕ್ಕೆ ನಿಮ್ಮ ಕನ್ನಡ ಕೂಟದ ಮಕ್ಕಳಿಗೆ ಅಮೆರಿಕದ ಸ್ವಾತಂತ್ರ್ಯದ ಕಥೆ ಹೇಳಬೇಕು ಅಂದಿದ್ದೀಯ. ಬಹಳ ಸಂತೋಷ. ನೀನು ಕಳಿಸಿದ ಟಿಪ್ಪಣಿ ಓದಿದೆ. ತೆರಿಗೆ ಜಾಸ್ತಿ ಆಯ್ತು, ಜನ ಸಿಟ್ಟಿಗೆದ್ದರು, ಟೀ ಎಸೆದರು, ಯುದ್ಧ ಗೆದ್ದರು ಅಂತ ಮುಗಿಸಿಬಿಟ್ಟಿದ್ದೀಯ. ಹಾಗೆ ಹೇಳಬೇಡ ಮಗಳೇ.

ಟೀ ವಿಷಯವನ್ನೇ ನೋಡು. ಬ್ರಿಟಿಷರ 1773ರ ಟೀ ಕಾಯ್ದೆಯಿಂದ ಟೀ ಬೆಲೆ ಏರಲಿಲ್ಲ, ಇಳಿಯಿತು. ನಮ್ಮನ್ನು ಹಿಂಡಿದ ಅದೇ ಈಸ್ಟ್ ಇಂಡಿಯಾ ಕಂಪನಿ ಆಗ ಸಾಲದಲ್ಲಿ ಮುಳುಗಿತ್ತು. ಗೋದಾಮುಗಳಲ್ಲಿ ಟೀ ರಾಶಿ ಬಿದ್ದಿತ್ತು. ಅದನ್ನು ನೇರವಾಗಿ ಅಮೆರಿಕಕ್ಕೆ ಕಳಿಸಿ ಮಾರಲು ಲಂಡನ್ನಿನ ಪಾರ್ಲಿಮೆಂಟು ದಾರಿ ಮಾಡಿಕೊಟ್ಟಿತು. ಆದರೆ ಒಂದು ಪೌಂಡ್ ತೂಕದ ಟೀಗೆ 3 ಪೆನ್ಸ್ ಸುಂಕವನ್ನು ಮಾತ್ರ ಬಿಡಲಿಲ್ಲ. ಅಗ್ಗ ಅಂತ ಆ ಟೀ ಕುಡಿದರೆ ಸುಂಕವನ್ನೂ ಒಪ್ಪಿಕೊಂಡ ಹಾಗೆ. ತಾವು ಆರಿಸಿದ ಒಬ್ಬನೂ ಇಲ್ಲದ ಸಭೆ ತಮ್ಮ ಜೇಬಿಗೆ ಕೈ ಹಾಕಬಹುದು ಅಂತ ಒಪ್ಪಿಕೊಂಡ ಹಾಗೆ. ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನಲ್ಲಿ ಮೂರು ಹಡಗು ಹತ್ತಿ, 342 ಪೆಟ್ಟಿಗೆ ಒಡೆದು ಸುರಿದದ್ದು ಅದಕ್ಕೇ. ಕಳ್ಳಸಾಗಣೆಯ ಟೀ ಮಾರುತ್ತಿದ್ದವರ ಹೊಟ್ಟೆಪಾಡೂ ಅದರಲ್ಲಿ ಸೇರಿತ್ತು. ಅದನ್ನೂ ಮುಚ್ಚಿಡಬೇಡ.

ಆದರೆ ಬರೀ ಸಿಟ್ಟಿನಿಂದ ಏನೂ ಆಗುತ್ತಿರಲಿಲ್ಲ. ಆಗ ಅಮೆರಿಕ ಅಂದರೆ ಬ್ರಿಟಿಷರ ಕೈಕೆಳಗಿನ ಹದಿಮೂರು ವಸಾಹತುಗಳು, ಅವಕ್ಕೆ ಒಂದಕ್ಕೊಂದು ಅಷ್ಟಕ್ಕಷ್ಟೆ. ಗಡಿ ಜಗಳ, ಪಂಥದ ಜಗಳ, ಎಲ್ಲ ಇತ್ತು. ಅವರನ್ನು ಹತ್ತಿರ ತಂದದ್ದು ಪತ್ರಗಳು. 1772ರಿಂದ ಬಾಸ್ಟನ್ನಿನವರು ಸಮಿತಿ ಮಾಡಿಕೊಂಡು ಊರೂರಿಗೆ ಬರೆದರು, ಆ ಊರುಗಳು ಉತ್ತರ ಕೊಟ್ಟವು. ಟೀ ಸುರಿದ ತಪ್ಪಿಗೆ 1774ರಲ್ಲಿ ಸರ್ಕಾರ ಬಾಸ್ಟನ್ ಬಂದರನ್ನೇ ಮುಚ್ಚಿದಾಗ ದೂರದ ವಸಾಹತುಗಳಿಂದ ಧಾನ್ಯ ಬಂತು, ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿಗಳನ್ನು ಹೊಡೆದುಕೊಂಡು ಬಂದರು. ಒಂದು ಊರನ್ನು ಒಂಟಿ ಮಾಡಿ ಬಗ್ಗಿಸೋಣ ಅಂದುಕೊಂಡಿದ್ದರು, ಉಳಿದವರು ಬಿಡಲಿಲ್ಲ. ನಿನ್ನ ಹತ್ತಿರ ಅರ್ಧ ಗಂಟೆ ಇದ್ದರೆ ಹತ್ತು ನಿಮಿಷ ಇದನ್ನೇ ಹೇಳು.

ಇನ್ನೊಂದು ಮಾತು. ಅವರು ಬಿಡುಗಡೆ ಕೇಳಲು ಹೊರಟವರೇ ಅಲ್ಲ. 1775ರ ಏಪ್ರಿಲ್‌ನಲ್ಲಿ ಬಾಸ್ಟನ್ ಹತ್ತಿರದ ಲೆಕ್ಸಿಂಗ್ಟನ್‌ನಲ್ಲಿ ಬ್ರಿಟಿಷ್ ಸೈನಿಕರ ಜೊತೆ ಘರ್ಷಣೆಯಾಗಿ, ಗುಂಡು ಹಾರಿ ಹೆಣ ಬಿದ್ದ ಮೇಲೂ, ಜುಲೈನಲ್ಲಿ ದೊರೆ ಮೂರನೇ ಜಾರ್ಜನಿಗೆ ರಾಜಿಯ ಅರ್ಜಿ ಕಳಿಸಿದರು. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ, ದಂಗೆಕೋರರು ಅಂತ ಸಾರಿದ. ಆಮೇಲೇ ಮನಸ್ಸು ಮುರಿದದ್ದು.

ಯುದ್ಧವನ್ನು ಬೇಗ ಮುಗಿಸು. ಅಮೆರಿಕನ್ನರ ಸೇನಾಪತಿ ವಾಷಿಂಗ್ಟನ್ ಸೋತದ್ದೇ ಜಾಸ್ತಿ, ಆದರೆ ಸೈನ್ಯ ಚದುರಲು ಬಿಡಲಿಲ್ಲ. ಕೊನೆಗೆ 1781ರಲ್ಲಿ ಫ್ರೆಂಚರ ನೌಕಾಪಡೆ ಚೆಸಪೀಕ್ ಕೊಲ್ಲಿಯ ಬಾಯಿ ಕಟ್ಟಿ ನಿಂತಿತು. ಯಾರ್ಕ್‌ಟೌನಿನಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅಕ್ಟೋಬರ್ 19ರಂದು ಶರಣಾದ. ಮೈ ಹುಷಾರಿಲ್ಲ ಅಂತ ಹೇಳಿ ತಾನು ಬರದೆ ಕೈಕೆಳಗಿನವನನ್ನು ಕಳಿಸಿದ. ಅದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು ಇಬ್ಬರು ಮಕ್ಕಳನ್ನು ಒತ್ತೆಯಾಗಿ ಹಿಡಿದವನು ಅಂತ ನಿಮ್ಮ ಮಕ್ಕಳಿಗೆ ಗೊತ್ತಿರಲಿ. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ನಮ್ಮ ಹೈದರ್ ಅಲಿಯ ಹೆಸರಿಟ್ಟಿದ್ದರು! 1782ರ ಏಪ್ರಿಲ್‌ನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಸೆರೆ ಹಿಡಿಯಿತು. ಇದನ್ನು ಕೇಳಿದರೆ ಹುಡುಗರು ಕುಣಿದಾಡುತ್ತಾರೆ.

ಆದರೆ ಕುಣಿತದ ಮಧ್ಯೆ ಒಂದು ವಿಷಯ ಬಿಟ್ಟುಹೋಗಬಾರದು. 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲರೂ ಸಮಾನರು ಅಂತ ಬರೆದ ಜೆಫರ್ಸನ್ನನ ತೋಟದಲ್ಲೇ ಗುಲಾಮರು ದುಡಿಯುತ್ತಿದ್ದರು. ಬಂಡಾಯಗಾರರ ಗುಲಾಮರು ತನ್ನ ಕಡೆ ಬಂದು ಹೋರಾಡಿದರೆ ಬಿಡುಗಡೆ ಅಂತ ವರ್ಜೀನಿಯಾದ ಬ್ರಿಟಿಷ್ ಗವರ್ನರ್ 1775ರಲ್ಲಿ ಸಾರಿದಾಗ ನೂರಾರು ಜನ ಅವನತ್ತ ಓಡಿದರು. ಅವರಿಗೆ ಸ್ವಾತಂತ್ರ್ಯ ಆ ಕಡೆ ಕಂಡಿತ್ತು. ಯುದ್ಧ ಮುಗಿಸಿದ 1783ರ ಒಪ್ಪಂದದಲ್ಲಿ ಬ್ರಿಟಿಷರು ಮಿಸಿಸಿಪ್ಪಿ ನದಿಯವರೆಗಿನ ನೆಲವನ್ನು ಹೊಸ ದೇಶಕ್ಕೆ ಬರೆದುಕೊಟ್ಟರು. ಅಲ್ಲಿ ತಲೆತಲಾಂತರದಿಂದ ಬದುಕಿದ್ದ ಮೂಲನಿವಾಸಿಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಯಾವುದಾದರೂ ಮಗು ‘ಅವರಿಗೆ ಯಾಕೆ ಸಿಗಲಿಲ್ಲ?’ ಅಂತ ಕೇಳಿದರೆ ಮಾತು ತಿರುಗಿಸಬೇಡ. ಕೂತು ಉತ್ತರ ಹೇಳು.

ಟಿಪ್ಪಣಿ ತಿದ್ದಿ ಇನ್ನೊಂದು ಸಲ ಕಳಿಸು, ನೋಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ