ಕಿದ್ವಾಯಿಯಲ್ಲಿ ಸಿಕ್ಕ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರೂ ಗೊತ್ತಿಲ್ಲ, ಊರೂ ಗೊತ್ತಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋಗೆ ಕಾಯುತ್ತಿದ್ದಾಗ ಪಕ್ಕ ಬಂದು ಕೂತವರು ನೀವು. ಸ್ತನದ ಆಪರೇಷನ್ ಜೊತೆಗೆ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ನನ್ನ ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನೀವು ನನ್ನನ್ನು ಎಬ್ಬಿಸಿ ಗೋಡೆಗೆ ಮುಖಮಾಡಿ ನಿಲ್ಲಿಸಿದಿರಿ. "ಇರುವೆ ಹತ್ತಿದ ಹಾಗೆ ಬೆರಳು ಹತ್ತಿಸಮ್ಮ. ನೋವು ಜಾಸ್ತಿಯಾದ ಕಡೆ ನಿಲ್ಲಿಸು, ನಾಳೆ ಅಲ್ಲಿಂದ ಒಂಚೂರು ಮೇಲೆ" ಅಂದಿರಿ. ಆ ಕೈಗೆ ಸೂಜಿ ಚುಚ್ಚಿಸಬೇಡ, ಬಿಪಿ ಪಟ್ಟಿ ಕಟ್ಟಿಸಬೇಡ, ಬಾವು ಬರಬಹುದು ಅಂತಲೂ ಹೇಳಿದಿರಿ. ಕೀಮೋದ ಕೆಂಪು ಔಷಧಿ ಹತ್ತಿಸಿದ ಮೇಲೆ ಮೂತ್ರ ಕೆಂಪಾದಾಗ ನಾನು ಹೆದರದೆ ಇದ್ದದ್ದೂ, ಅದು ಔಷಧಿಯ ಬಣ್ಣ ಅಷ್ಟೇ ಅಂತ ನೀವು ಮೊದಲೇ ಹೇಳಿದ್ದರಿಂದಲೇ. ಆಮೇಲೆ ಸೆರಗು ಸರಿಸಿ ನಿಮ್ಮ ಹಳೆಯ ಗಾಯದ ಗೆರೆ ತೋರಿಸಿದಿರಲ್ಲ, ನಾನೂ ಬದುಕುತ್ತೇನೆ ಅಂತ ಮೊದಲ ಸಲ ಅನ್ನಿಸಿದ್ದು ಆಗ. ಯಾವ ರಿಪೋರ್ಟೂ ಅಷ್ಟು ಧೈರ್ಯ ಕೊಟ್ಟಿರಲಿಲ್ಲ.

ಕಾಯಿಲೆ ಮತ್ತೆ ಬರದಿರಲಿ ಅಂತ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ, 5 ವರ್ಷದ್ದು, ನಡೀತಾ ಇದೆ. ನಮ್ಮ ಕಡೆ ಯಾರಿಗಾದರೂ ಈ ಕಾಯಿಲೆ ಅಂತ ಗೊತ್ತಾದರೆ ಅವರ ಮನೆಗೆ ಹೋಗಿ ಬರುತ್ತೇನೆ, ಗೋಡೆಯ ವ್ಯಾಯಾಮ ಕಲಿಸುತ್ತೇನೆ. ಎರಡೂ ಕೈ ಎತ್ತಿ ಮೊಮ್ಮಗಳ ತಲೆ ಬಾಚುತ್ತೇನೆ. ಚಿಕ್ಕಂದಿನಿಂದ ಆಸೆಯಿದ್ದ ಹಾರ್ಮೋನಿಯಂ ಪಾಠಕ್ಕೂ ಸೇರಿದ್ದೇನೆ. ಇದೆಲ್ಲದರಲ್ಲೂ ನಿಮ್ಮ ಪಾಲಿದೆ ಅಕ್ಕಾ. ಎಲ್ಲಿದ್ದರೂ ಚೆನ್ನಾಗಿರಿ, ನಿಮಗೆ ನನ್ನ ಮನಸಾರೆ ನಮಸ್ಕಾರ.