ಇಸ್ತ್ರಿ ಕಷ್ಟ ಅನ್ನುವವರಿಗೆ

ಮಾನ್ಯರೇ,

ದಾವಣಗೆರೆಯಲ್ಲಿ ನಾನು ಇಸ್ತ್ರಿ ಅಂಗಡಿ ನಡೆಸುತ್ತೇನೆ. ಮನೆಯ ಇಸ್ತ್ರಿ ಜಾಸ್ತಿ ಹೆಂಗಸರ ಪಾಲಿಗೇ ಬೀಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅರ್ಧ ಕೆಲಸ ಹಗ್ಗದ ಮೇಲೇ ಮುಗಿಯಬೇಕು. ಒಗೆದ ಬಟ್ಟೆಯನ್ನು ಜೋರಾಗಿ ಒದರಿ, ಕಾಲರ್, ತೋಳು ಎಳೆದು ಸರಿಮಾಡಿ ಒಣಹಾಕಿ. ಹತ್ತಿ ಬಟ್ಟೆಯನ್ನು ಪೂರ್ತಿ ಒಣಗುವ ಮೊದಲೇ ತೆಗೆಯಿರಿ. ತೇವ ಇದ್ದರೆ ಸುಕ್ಕು ಬೇಗ ಬಿಡುತ್ತದೆ. ಒಣಗಿಹೋಗಿದ್ದರೆ ನೀರು ಚಿಮುಕಿಸಿ, ಸುತ್ತಿ ಸ್ವಲ್ಪ ಹೊತ್ತು ಇಡಿ. ಮೊದಲು ಪಾಲಿಯೆಸ್ಟರ್, ಕೊನೆಗೆ ಹತ್ತಿ. ಹೀಗೆ ಕಾವು ಏರಿಸುತ್ತ ಹೋದರೆ ಪೆಟ್ಟಿಗೆ ಆರಲಿ ಎಂದು ಸುಮ್ನೆ ಕಾಯಬೇಕಿಲ್ಲ. ಲೇಬಲ್‌ನ ಇಸ್ತ್ರಿ ಚಿತ್ರದಲ್ಲಿ 1 ಚುಕ್ಕಿ ಇದ್ದರೆ ಕಡಿಮೆ ಕಾವು, 3 ಇದ್ದರೆ ಜಾಸ್ತಿ.

ಟವೆಲ್, ಚಾದರಕ್ಕೆ ಇಸ್ತ್ರಿ ಬೇಡವೇ ಬೇಡ. ಹೈಸ್ಕೂಲು ಮಕ್ಕಳು ಯೂನಿಫಾರ್ಮ್ ತಾವೇ ಮಾಡಿಕೊಳ್ಳಲಿ, ಗಂಡುಮಕ್ಕಳೂ.

– ಇಸ್ತ್ರಿ ಅಂಗಡಿಯವಳು, ದಾವಣಗೆರೆ