ಬೆಲ್ಲದ ಬಣ್ಣಕ್ಕೆ ಬೆಲೆ ಕಟ್ಟುವುದು ಸಾಕು: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಆಲೆಮನೆಗಳ ಮೇಲೆ ಅಧಿಕಾರಿಗಳ ದಾಳಿ ನಡೆದಾಗಲೆಲ್ಲ ಒಂದೇ ಬಗೆಯ ಸುದ್ದಿ ಬರುತ್ತದೆ. ಇಷ್ಟು ಮೂಟೆ ಸಕ್ಕರೆ ಸಿಕ್ಕಿತು, ಇಷ್ಟು ಡಬ್ಬ ಪುಡಿ ವಶವಾಯಿತು, ಬೆಲ್ಲ ವಿಷವಾಗಿದೆ ಅಂತ. ಜನ ನಾಲ್ಕು ದಿನ ಹೆದರುತ್ತಾರೆ. ಆಮೇಲೆ ಅಂಗಡಿಗೆ ಹೋಗಿ ಹಳದಿಯಾಗಿ ಹೊಳೆಯುವ ಅಚ್ಚನ್ನೇ ಮತ್ತೆ ಆರಿಸಿ ತರುತ್ತಾರೆ.

ನಾನು ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರೌಢಶಾಲೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ನನ್ನ ತರಗತಿಯಲ್ಲಿ ಕಬ್ಬು ಬೆಳೆಯುವವರ ಮಕ್ಕಳಿದ್ದಾರೆ. ಆಲೆಮನೆ ನಡೆಸುವವರ ಮಕ್ಕಳೂ ಇದ್ದಾರೆ, ಅಲ್ಲಿ ಕೊಪ್ಪರಿಗೆ ಮುಂದೆ ನಿಂತು ದುಡಿಯುವವರ ಮಕ್ಕಳೂ ಇದ್ದಾರೆ. 'ಮಿಸ್, ನಮ್ಮ ಬೆಲ್ಲ ವಿಷಾನಾ?' ಅಂತ ಅವರು ಕೇಳಿದರೆ ಸುಮ್ನೆ ಹೌದು ಅಥವಾ ಇಲ್ಲ ಅಂದುಬಿಡಲು ಆಗುವುದಿಲ್ಲ. ಯಾವುದು, ಎಷ್ಟು, ಯಾರಿಗೆ ಅಂತ ಅಳೆದು ಹೇಳಬೇಕು. ಹರಾಜಿನಲ್ಲಿ ಬೆಲ್ಲವನ್ನು ಕಣ್ಣಲ್ಲಿ ನೋಡಿ ದರ ಕೂಗುವ ತನಕ ಆ ಅಳತೆ ಯಾರ ಕೈಗೂ ಸಿಗುವುದಿಲ್ಲ.

ಮೊದಲು ಬಣ್ಣದ ವಿಷಯ. ಕಬ್ಬಿನ ಹಾಲು ಕುದಿಯುವಾಗ ಕಂದು ಬಣ್ಣಕ್ಕೆ ತಿರುಗುವುದು ಸಹಜ. ಕಬ್ಬಿನಲ್ಲೇ ಇರುವ ಪಾಲಿಫಿನಾಲ್‌ಗಳು ಗಾಳಿ ತಾಗಿ ಕಪ್ಪಾಗುತ್ತವೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬಿಸಿಯಲ್ಲಿ ಕೂಡಿ ಕಂದಾಗುತ್ತವೆ. ಜೌಗು ಅಥವಾ ಚೌಳು ನೆಲದ ಕಬ್ಬಾದರೆ, ಯೂರಿಯಾ ಜಾಸ್ತಿ ಬಿದ್ದಿದ್ದರೆ, ಬೆಲ್ಲ ಇನ್ನೂ ಕಪ್ಪಾಗಿ ಮೆತ್ತಗೆ ಬರುತ್ತದೆ. ಇದರಲ್ಲಿ ಆಲೆಮನೆಯವರ ಮೋಸ ಏನೂ ಇಲ್ಲ. ಆದರೂ ಮಾರುಕಟ್ಟೆಯಲ್ಲಿ ಕಪ್ಪು ಬೆಲ್ಲಕ್ಕೆ ದರ ಬೀಳುತ್ತದೆ. ಬೀಳುವ ದರವನ್ನು ಎತ್ತಲು ಸುಲಭದ ದಾರಿ ಒಂದಿದೆ, ಅದೇ ಹೈಡ್ರೋಸ್.

ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಬಳಸುವ ಪುಡಿ. ಬಣ್ಣದ ಕಣಗಳಿಂದ ಇದು ಆಮ್ಲಜನಕ ಕಿತ್ತುಕೊಳ್ಳುತ್ತದೆ, ಆಗ ಅವು ಬಣ್ಣ ಕಳೆದುಕೊಳ್ಳುತ್ತವೆ. ಕೊಳೆ ಹೋಗಿರುವುದಿಲ್ಲ, ಕಾಣದ ಹಾಗೆ ಆಗಿರುತ್ತದೆ ಅಷ್ಟೆ. ಬೆಲ್ಲ ಗಾಳಿಗೆ ತೆರೆದುಕೊಂಡಂತೆ ಆ ಕಣಗಳು ಆಮ್ಲಜನಕ ವಾಪಸ್ ಪಡೆಯುತ್ತವೆ. ಇಟ್ಟ ಬೆಲ್ಲ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ಅಂದರೆ ಗ್ರಾಹಕ ಜಾಸ್ತಿ ದುಡ್ಡು ಕೊಟ್ಟು ಕೊಂಡ ಬಣ್ಣ ಡಬ್ಬದಲ್ಲೂ ಉಳಿಯುವುದಿಲ್ಲ. ಉಳಿಯುವುದು ಗಂಧಕದ ಶೇಷ, ಅಂದರೆ ಸಲ್ಫೈಟ್. ಇದನ್ನು ಅಳೆಯುವುದು ಗಂಧಕದ ಡೈಆಕ್ಸೈಡ್ ಲೆಕ್ಕದಲ್ಲಿ.

ಅದು ಎಷ್ಟು ಉಳಿದರೆ ಅಪಾಯ? ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಒಂದು ಕೆಜಿ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಮಿಲಿಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ದಿನಕ್ಕೆ ಇಷ್ಟು ಸಾಕು ಅಂತ ಹಾಕಿರುವ ಗಡಿ, ದೇಹದ ತೂಕದ ಪ್ರತಿ ಕೆಜಿಗೆ 0.7 ಮಿಲಿಗ್ರಾಂ. ನಮ್ಮ ಮಕ್ಕಳು ಬೋರ್ಡಿನ ಮೇಲೆ ಈ ಲೆಕ್ಕ ಮಾಡಬಲ್ಲರು. 15 ಕೆಜಿ ತೂಕದ ಮಗುವಿಗೆ ದಿನದ ಗಡಿ ಹತ್ತೂವರೆ ಮಿಲಿಗ್ರಾಂ. ನಿಯಮದೊಳಗಿನ ಬೆಲ್ಲ 50 ಗ್ರಾಂ ತಿಂದರೆ ಒಳಗೆ ಹೋಗುವುದು ಹೆಚ್ಚೆಂದರೆ ಮೂರೂವರೆ ಮಿಲಿಗ್ರಾಂ. ಭಯಪಡಬೇಕಾಗಿಲ್ಲ. ಅದೇ ಬೆಲ್ಲದಲ್ಲಿ ಶೇಷ ನಿಯಮದ ಐದು ಪಟ್ಟು ಇದ್ದರೆ ಹದಿನೇಳೂವರೆ ಮಿಲಿಗ್ರಾಂ, ಅಂದರೆ ಮಗು ಗಡಿ ದಾಟಿತು. ನೋಡಲು ಎರಡೂ ಅಚ್ಚು ಒಂದೇ ಥರ ಇರಬಹುದು.

ಇನ್ನೊಂದು ಮಾತು ಆಸ್ತಮಾ ಇರುವವರದ್ದು. ಅವರಲ್ಲಿ ಕೆಲವರಿಗೆ ಸಲ್ಫೈಟ್ ಸ್ವಲ್ಪ ಹೋದರೂ ಉಸಿರು ಕಟ್ಟುತ್ತದೆ. ಅದಕ್ಕೇ ಪ್ಯಾಕೆಟ್ ಆಹಾರದಲ್ಲಿ ಕೆಜಿಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ ಲೇಬಲ್ ಮೇಲೆ ಹೇಳಲೇಬೇಕು ಅಂತ ನಿಯಮವಿದೆ. ಸಂತೆಯಲ್ಲಿ ಬಿಡಿಯಾಗಿ ಮಾರುವ ಬೆಲ್ಲಕ್ಕೆ ಲೇಬಲ್ ಎಲ್ಲಿಂದ ಬರಬೇಕು? ನಮ್ಮ ಕಡೆ ಜಾಸ್ತಿ ಜನ ಕೊಳ್ಳುವುದು ಅದನ್ನೇ ಅಲ್ವಾ. ಕೊಪ್ಪರಿಗೆಗೆ ಈ ಪುಡಿ ಸುರಿಯುವ ಕೆಲಸಗಾರನಂತೂ ಮೇಲೇಳುವ ಗಂಧಕದ ಹೊಗೆಯನ್ನು ನೇರವಾಗಿ ಕುಡಿಯುತ್ತಾನೆ. ದಾಳಿಯ ಸುದ್ದಿಯಲ್ಲಿ ಅವನ ಪುಪ್ಪಸದ ಮಾತು ಬರುವುದೇ ಇಲ್ಲ.

ಸಕ್ಕರೆ ಬೆರೆಸುವುದು ಬೇರೆ ಥರದ ತಪ್ಪು. ಅದು ಮೋಸ, ಶಿಕ್ಷೆ ಆಗಲಿ. ಆದರೆ ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ಬೆರೆಸಿದ ಸಕ್ಕರೆಯಿಂದ ಬೆಲ್ಲ ವಿಷವಾಗುವುದಿಲ್ಲ, ಶುದ್ಧ ಬೆಲ್ಲ ಅಂತ ಶುಗರ್ ಇರುವವರು ಧಾರಾಳವಾಗಿ ತಿನ್ನುವ ಹಾಗೂ ಇಲ್ಲ. ಮೋಸವನ್ನೂ ಅಪಾಯವನ್ನೂ ಒಂದೇ ಮೂಟೆಗೆ ಕಟ್ಟಿದರೆ ಜನ ಬೇಡದ್ದಕ್ಕೆ ಹೆದರುತ್ತಾರೆ, ಹೆದರಬೇಕಾದ್ದನ್ನು ಬಿಡುತ್ತಾರೆ.

ಈಗ ಪಟ್ಟಣದವರು ಕಪ್ಪು ಬೆಲ್ಲವೇ ಶುದ್ಧ ಅಂತ ಹುಡುಕುತ್ತಿದ್ದಾರೆ. ಅದೂ ಬಣ್ಣದ ನಂಬಿಕೆಯೇ. ಪಾಕ ಸೀದರೂ ಬೆಲ್ಲ ಕಪ್ಪಾಗುತ್ತದೆ, ಮಡ್ಡಿ ಸರಿಯಾಗಿ ತೆಗೆಯದಿದ್ದರೂ ಕಪ್ಪಾಗುತ್ತದೆ.

ನನಗೆ ಹೈಡ್ರೋಸ್‌ಗಿಂತ ಜಾಸ್ತಿ ಚಿಂತೆ ಇರುವುದು ಒಲೆಯ ಬಗ್ಗೆ. ಕೊಪ್ಪರಿಗೆ ಕೆಳಗೆ ಉರಿಯಬೇಕಾದ್ದು ಒಣಗಿದ ಕಬ್ಬಿನ ಸಿಪ್ಪೆ. ಗಾಣದಿಂದ ಆಗ ತಾನೆ ಬಂದ ಸಿಪ್ಪೆಯಲ್ಲಿ ಸುಮಾರು ಅರ್ಧ ತೂಕ ನೀರೇ ಇರುತ್ತದೆ. ಬಿಸಿಲಲ್ಲಿ ಹರಡಿ ಒಣಗಿಸದೆ ಅದು ಸರಿಯಾಗಿ ಉರಿಯುವುದಿಲ್ಲ. ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಆಗ ಕೆಲವು ಆಲೆಮನೆಗಳ ಹಿಂದೆ ಹಳೆ ಟೈರ್, ಚಪ್ಪಲಿ, ರೆಕ್ಸಿನ್, ಪ್ಲಾಸ್ಟಿಕ್ ಮೂಟೆಗಳು ಬಂದು ಬೀಳುತ್ತವೆ. ಸಂಜೆ ಹೊಗೆ ಹೊಲದ ಮೇಲೆ ಕೆಳಗೇ ನಿಲ್ಲುತ್ತದೆ.

ಈ ಹೊಗೆಯಲ್ಲಿ ಏನಿದೆ ಅಂತ ದಯವಿಟ್ಟು ಕೇಳಿ. ರೆಕ್ಸಿನ್, ಚಪ್ಪಲಿಗಳಲ್ಲಿ ಬಹಳಷ್ಟು ಇರುವುದು ಪಿವಿಸಿ ಎಂಬ ಪ್ಲಾಸ್ಟಿಕ್. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಕ್ಲೋರಿನ್ ಇರುವ ವಸ್ತು ಗಾಳಿ ಸಾಲದೆ ಅರೆಬರೆ ಉರಿದು, ಅದರ ಹೊಗೆ ಚಿಮಣಿಯಲ್ಲಿ 200ರಿಂದ 450 ಡಿಗ್ರಿ ಆಸುಪಾಸಿಗೆ ತಣಿಯುವಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇಂಥ ಕಸ ಸುಡಲೆಂದೇ ಕಟ್ಟಿದ ಕುಲುಮೆಗಳನ್ನು 850 ಡಿಗ್ರಿಗಿಂತ ಮೇಲೆ ಉರಿಸಿ, ಹೊಗೆಯನ್ನು ಬೇಗ ತಣಿಸಿ ಶೋಧಿಸುತ್ತಾರೆ. ಆಲೆಮನೆಯ ಮಣ್ಣಿನ ಒಲೆಯಲ್ಲಿ ಅದು ಯಾವುದೂ ಆಗುವುದಿಲ್ಲ. ಡಯಾಕ್ಸಿನ್‌ಗಳಲ್ಲಿ ಅತಿ ಕೆಟ್ಟದ್ದಾದ ಟಿಸಿಡಿಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಇದು ಉಸಿರಿನ ಮೂಲಕ ಬರುವುದು ಕಡಿಮೆ. ಹೊಗೆಯ ಜೊತೆ ಹೋಗಿ ಹುಲ್ಲಿನ ಮೇಲೆ, ಮೇವಿನ ಮೇಲೆ ಕೂರುತ್ತದೆ. ಹಸು ಮೇಯುತ್ತದೆ. ಡಯಾಕ್ಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ, ಹಾಗಾಗಿ ಹಾಲಿನ ಕೆನೆಗೆ ಸೇರುತ್ತದೆ. ನಮ್ಮ ದೇಹಕ್ಕೆ ಬಂದರೆ ಅದರಲ್ಲಿ ಅರ್ಧ ಹೊರಹೋಗಲು 7ರಿಂದ 11 ವರ್ಷ ಬೇಕು. ಹೈಡ್ರೋಸ್ ಬೇಡ ಅನ್ನುವವರು ಆ ಬೆಲ್ಲ ಬಿಟ್ಟು ಬೇರೆ ಬೆಲ್ಲ ಕೊಳ್ಳಬಹುದು. ಪಕ್ಕದ ಆಲೆಮನೆಯ ಹೊಗೆ ಬೇಡ ಅನ್ನಲು ಊರಿನವರಿಗೆ ದಾರಿ ಇಲ್ಲ. ಬೆಲ್ಲ ತಿನ್ನದ ಮನೆಗೂ ಅದು ಹಾಲಿನಲ್ಲಿ ತಲುಪುತ್ತದೆ. ಇಷ್ಟಾದರೂ ಪ್ಲಾಸ್ಟಿಕ್ ಸುಡುವುದನ್ನು ಪತ್ತೆ ಹಚ್ಚಲು ಪ್ರಯೋಗಾಲಯ ಬೇಡ. ಒಲೆಯ ಹಿಂದೆ ಏನು ರಾಶಿ ಬಿದ್ದಿದೆ ಅಂತ ಹೋಗಿ ನೋಡಿದರೆ ಸಾಕು.

ಹಾಗಾದರೆ ಏನು ಮಾಡಬೇಕು? ನನ್ನ ಉತ್ತರ ನಮ್ಮ ಹಳ್ಳಿಯ ಡೇರಿಯಲ್ಲೇ ಇದೆ. ಅಲ್ಲಿ ಹಾಲು ಎಷ್ಟು ಬೆಳ್ಳಗಿದೆ ಅಂತ ನೋಡಿ ಯಾರೂ ದರ ಕೊಡುವುದಿಲ್ಲ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಅಂತ ಅಳೆದು ಕೊಡುತ್ತಾರೆ. ಒಂದೇ ಹಸು ಕಟ್ಟಿರುವ ಅಮ್ಮನಿಗೂ ಆ ಲೆಕ್ಕ ಬಾಯಲ್ಲೇ ಇದೆ. ಬೆಲ್ಲಕ್ಕೂ ಹಾಗೇ ಆಗಬೇಕು. ಮಂಡ್ಯದ ಎಪಿಎಂಸಿಯಲ್ಲಿ ಪರೀಕ್ಷೆಯ ಏರ್ಪಾಡು ಮಾಡಿಸಿ. ಬೆಲ್ಲಕ್ಕೆ ಆಮ್ಲ ಹಾಕಿ ಕುದಿಸಿ, ಹೊರಬರುವ ಗಂಧಕದ ಅನಿಲ ಹಿಡಿದು ಅಳೆಯುವ ವಿಧಾನ ಹಳೆಯದು, ಒಂದೆರಡು ಗಂಟೆಯ ಕೆಲಸ. ಎಲ್ಲ ಅಚ್ಚನ್ನೂ ಪರೀಕ್ಷಿಸಬೇಕಿಲ್ಲ. ಪ್ರತಿ ಆಲೆಮನೆಯ ಮಾಲಿನಿಂದ ಆಗಾಗ, ಹೇಳದೆ, ಒಂದೊಂದು ಮಾದರಿ ತೆಗೆದರೆ ಸಾಕು. ಫಲಿತಾಂಶ ಹಲಗೆಯ ಮೇಲೆ ಬರೆಯಲಿ. ನಿಯಮದೊಳಗಿರುವ ಬೆಲ್ಲಕ್ಕೆ, ಅದು ಕಪ್ಪಗಿದ್ದರೂ, ಮೇಲಿನ ದರ ಸಿಗಲಿ. ಅಂಗನವಾಡಿ, ಹಾಸ್ಟೆಲ್‌ಗಳಿಗೆ ಸರ್ಕಾರ ಕೊಳ್ಳುವ ಬೆಲ್ಲವನ್ನು ಮೊದಲು ಇಂಥವರಿಂದಲೇ ಕೊಂಡರೆ ಉಳಿದ ಆಲೆಮನೆಯವರಿಗೂ ಧೈರ್ಯ ಬರುತ್ತದೆ.

ತಿಳಿದವರನ್ನು ದೂರದಿಂದ ಕರೆಸಬೇಕಾಗಿಲ್ಲ. ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಲ್ಲದ ಮೇಲೆ ಕೆಲಸ ಮಾಡಿದವರಿದ್ದಾರೆ. ಬೆಂಡೆ ಗಿಡದ ಲೋಳೆ ಹಾಕಿ ಕಬ್ಬಿನ ಹಾಲಿನ ಮಡ್ಡಿ ತೆಗೆಯುವುದನ್ನು ನಮ್ಮ ಹಿರಿಯರೂ ಬಲ್ಲರು, ವಿಜ್ಞಾನಿಗಳೂ ಒಪ್ಪುತ್ತಾರೆ. ಆ ಲೋಳೆಗೆ ಕೊಳೆಯ ಕಣಗಳು ಅಂಟಿಕೊಂಡು ಮೇಲೆ ಬರುತ್ತವೆ, ಅವನ್ನು ತೆಗೆದು ಬಿಸಾಡಬಹುದು. ಆಹಾರ ವಿಜ್ಞಾನಕ್ಕೆ ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಸಂಶೋಧನಾ ಸಂಸ್ಥೆ 1950ರಿಂದ ಇದೆ, ಇಲ್ಲಿಂದ ಒಂದು ಗಂಟೆಯ ದಾರಿ.

ಒಲೆಯ ವಿಷಯದಲ್ಲಿ ಬರೀ ದಂಡ ಹಾಕಿದರೆ ಟೈರ್ ಮೂಟೆ ರಾತ್ರಿ ಹೊತ್ತು ಬರುತ್ತದೆ. ಸಿಪ್ಪೆ ಒಣಗಿಸಿ ಇಡಲು ಮಳೆಗೆ ನೆನೆಯದ ಸೂರು ಬೇಕು, ಕಡಿಮೆ ಸಿಪ್ಪೆಯಲ್ಲಿ ಜಾಸ್ತಿ ಶಾಖ ಕೊಡುವ ಒಲೆ ಬೇಕು. ಕೇಂದ್ರದ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದು ಬೆಲ್ಲವೇ. ಆ ಪಟ್ಟಿ ಸೇರಿರುವ ಕೇಂದ್ರದ ಕಿರು ಆಹಾರ ಉದ್ಯಮ ಯೋಜನೆಯಲ್ಲಿ ಸಾಲದ ಜೊತೆ ಶೇ 35 ಸಹಾಯಧನ, ಗರಿಷ್ಠ 10 ಲಕ್ಷ ರೂಪಾಯಿ ತನಕ ಅಂತ ಇಟ್ಟಿದ್ದಾರೆ. ಸೂರು ಮತ್ತು ಒಲೆ ಕಟ್ಟಲು ಈ ದುಡ್ಡು ಸಣ್ಣ ಆಲೆಮನೆಗಳಿಗೂ ಸಿಗುವ ಹಾಗೆ ಬ್ಯಾಂಕಿನವರನ್ನು ಕೂರಿಸಿ ಮಾತಾಡಿ. ಅದಾದ ಮೇಲೂ ಪ್ಲಾಸ್ಟಿಕ್ ಸುಟ್ಟವರಿಗೆ ದಂಡ ಹಾಕಿ, ಆಗ ಯಾರೂ ತಕರಾರು ತೆಗೆಯಲಾರರು.

ಸಂಕ್ರಾಂತಿಗೆ ಎಳ್ಳು ಬೆಲ್ಲಕ್ಕೆಂದು ಮಾರುಕಟ್ಟೆಗೆ ಮಾಲು ಬಹಳ ಬರುತ್ತದೆ. ಅದಕ್ಕೆ ಮೊದಲು ಎಪಿಎಂಸಿಯಲ್ಲಿ ಪರೀಕ್ಷೆ ಶುರುವಾಗಲಿ, ಮೊದಲ ವಾರದ ಫಲಿತಾಂಶವನ್ನು ಹಾಗೇ ಪ್ರಕಟಿಸಿ. ನಮ್ಮ ಶಾಲೆಯ ಹತ್ತನೇ ತರಗತಿ ಮಕ್ಕಳನ್ನು ಅಲ್ಲಿಗೆ ಕರೆತರಲು ನಿಮ್ಮ ಅನುಮತಿ ಕೇಳುತ್ತಿದ್ದೇನೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ
ಮಂಡ್ಯ ತಾಲ್ಲೂಕು